ಒಳಸುತ್ತಿನಲ್ಲಿ ಈಜುವ ಮೀನು

ಸಣ್ಣ ಮೀನುಗಳೆಲ್ಲ ಸೇರಿ ಒಂದು ದೊಡ್ಡ ಮೀನಿನ ಆಕಾರ ಮಾಡಿಕೊಂಡು, ತಮ್ಮನ್ನು ನುಂಗಲು ಬಂದ ಮೀನನ್ನೇ ಅಟ್ಟಿಸಿಕೊಂಡು ಹೋಗುವ ಚಿತ್ರ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಆಫೀಸಿನ ಟ್ರೈನಿಂಗ್ ಸ್ಲೈಡಿನಲ್ಲಿ, ಸಹಕಾರ ಸಂಘದ ಕ್ಯಾಲೆಂಡರಿನಲ್ಲಿ, ಬೆಳಗಿನ ಶುಭೋದಯದ ಮೆಸೇಜಿನಲ್ಲಿ ಅದೇ ಚಿತ್ರ, ಕೆಳಗೆ ‘ಒಗ್ಗಟ್ಟಿನಲ್ಲಿ ಬಲವಿದೆ’. ಆ ಚಿತ್ರದ ಮೇಲೆ ನನ್ನ ತಕರಾರು ಒಂದೇ. ಅದರಲ್ಲಿರುವ ಮೀನುಗಳೆಲ್ಲ ಒಂದೇ ಅಚ್ಚಿನವು. ಒಂದೇ ಬಣ್ಣ, ಒಂದೇ ಅಳತೆ. ನಿಜವಾದ ನೀರಿನಲ್ಲಿ ಎಷ್ಟೋ ಗುಂಪುಗಳು ಹಾಗಿರುವುದಿಲ್ಲ. ಎರಡು ಮೂರು ಜಾತಿಯ ಮೀನುಗಳು ಬೆರೆತೇ ಓಡಾಡುತ್ತವೆ. ಒಂದರ ವೇಗ ಇನ್ನೊಂದಕ್ಕಿಲ್ಲ, ಒಂದು ತಿನ್ನುವುದನ್ನು ಇನ್ನೊಂದು ಮೂಸುವುದಿಲ್ಲ, ಹೆದರಿದಾಗ ಒಂದು ಓಡಿದರೆ ಇನ್ನೊಂದು ಕಲ್ಲಿನಡಿ ಸೇರುತ್ತದೆ. ಆದರೂ ತಿರುಗುವಾಗ ಒಟ್ಟಿಗೆ ತಿರುಗುತ್ತವೆ. ಅದು ಹೇಗೆ ಸಾಧ್ಯ ಎನ್ನುವುದು ಬಹಳ ದಿನದಿಂದ ನನ್ನ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆ.

ಪ್ರಶ್ನೆ ಹುಟ್ಟಿಸಿದ್ದು ಮನೆಯ ಅಕ್ವೇರಿಯಂ. ಅದರಲ್ಲಿ ಎಂಟು ಜೀಬ್ರಾ ಮೀನುಗಳಿವೆ. ಕಿರುಬೆರಳಿಗಿಂತಲೂ ಗಿಡ್ಡ, ತಲೆಯಿಂದ ಬಾಲದವರೆಗೆ ನೀಲಿ ಗೆರೆ. ನಮ್ಮ ಉಪಖಂಡದ್ದೇ ಮೀನು. ಗದ್ದೆಯಂಚಿನ ಕಾಲುವೆ, ನಿಧಾನಕ್ಕೆ ಹರಿಯುವ ತೊರೆಗಳಲ್ಲಿ ಇರುವಂಥದ್ದು. ಇವುಗಳ ಜೊತೆ ಒಂದೇ ಒಂದು ಹಾರ್ಲೆಕ್ವಿನ್ ರಸ್ಬೋರಾ ಇದೆ. ಅದು ಮಲಯ, ಸುಮಾತ್ರಾ ಕಡೆಯದು. ತಾಮ್ರದ ಬಣ್ಣದ ಮೈ, ಹಿಂದಿನ ಅರ್ಧದಲ್ಲಿ ತ್ರಿಕೋನದಂಥ ಕಪ್ಪು ಮಚ್ಚೆ. ಮೊದಲು ಅದಕ್ಕೂ ತನ್ನವರಿದ್ದರು, ಒಂದೊಂದಾಗಿ ಸತ್ತುಹೋದವು. ಒಂಟಿಯಾದ ಮೇಲೆ ಕೆಲವು ದಿನ ಗಿಡದ ಹಿಂದೆ ಮುದುಡಿಕೊಂಡಿತ್ತು. ಆಮೇಲೊಂದು ದಿನ ನೋಡಿದರೆ ಜೀಬ್ರಾಗಳ ನಡುವೆ ಈಜುತ್ತಿದೆ. ಅಕ್ವೇರಿಯಂ ಇಟ್ಟವರಿಗೆ ಇದೇನೂ ಹೊಸತಲ್ಲ. ಒಂಟಿಯಾಗಿ ಉಳಿದ ಗುಂಪುಮೀನು ಸಿಕ್ಕಿದ ಗುಂಪಿಗೆ ಸೇರಿಕೊಳ್ಳುತ್ತದೆ.

ಸೇರಿಕೊಳ್ಳುವುದೇನೋ ಸರಿ, ಜೊತೆಗೆ ಉಳಿಯುವುದು ಬೇರೆ ಕೆಲಸ. ಜೀಬ್ರಾಗಳಿಗೆ ನಿಂತು ಗೊತ್ತಿಲ್ಲ. ಈ ತುದಿಯಿಂದ ಆ ತುದಿಗೆ ಓಡಿ, ಗಾಜಿಗೆ ಮೂತಿ ತಾಗಬೇಕು ಎನ್ನುವಾಗ ತಿರುಗಿ, ಮತ್ತೆ ಓಟ. ರಸ್ಬೋರಾದ ಮೈ ಅಗಲ, ಸ್ವಭಾವವೂ ನಿಧಾನದ್ದು. ನೇರ ಓಟದಲ್ಲಿ ಪ್ರತಿಸಲವೂ ಹಿಂದೆ ಬೀಳುತ್ತದೆ. ಆದರೆ ಮುಂದಿನ ಜೀಬ್ರಾ ತುದಿ ಮುಟ್ಟಿ ಮೈ ಬಾಗಿಸತೊಡಗಿದ ಗಳಿಗೆಯಲ್ಲಿ ಇದು ಇನ್ನೂ ಒಂದು ಗೇಣು ಹಿಂದಿರುವಾಗಲೇ ತಿರುಗಿಬಿಡುತ್ತದೆ. ಅವು ಹೊರಸುತ್ತು ಹಾಕಿ ಬರುವಷ್ಟರಲ್ಲಿ ಇದು ಒಳಸುತ್ತಿನಲ್ಲಿ ಚಿಕ್ಕದಾಗಿ ಹೊರಳಿ ಗುಂಪಿನ ನಡುವೆ ಇರುತ್ತದೆ. ಆಮೇಲೆ ಮತ್ತೆ ಹಿಂದೆ ಬೀಳುವುದು, ಮತ್ತೆ ಒಳಸುತ್ತು. ದೂರದ ಕುರ್ಚಿಯಲ್ಲಿ ಕೂತು ನೋಡಿದರೆ ಒಂಬತ್ತು ಮೀನು ಒಂದಾಗಿ ಓಡಾಡಿದಂತೆ ಕಾಣುತ್ತದೆ. ಗಾಜಿಗೆ ಹತ್ತಿರ ಬಂದರೆ ಎಂಟು ಮೀನು ತಮ್ಮ ಪಾಡಿಗೆ ಓಡಾಡುತ್ತಿವೆ, ಒಂದು ಮೀನು ಪ್ರತಿ ತಿರುವಿನಲ್ಲೂ ಲೆಕ್ಕ ಸರಿದೂಗಿಸುತ್ತಿದೆ.

ಮೀನಿನ ಗುಂಪಿಗೆ ನಾಯಕನಿಲ್ಲ, ಆಜ್ಞೆಯಿಲ್ಲ, ಪ್ರತಿ ಮೀನು ತನ್ನ ಹತ್ತಿರದವರನ್ನು ಮಾತ್ರ ನೋಡಿ ನಡೆದುಕೊಳ್ಳುತ್ತದೆ ಎನ್ನುವ ವಿವರಣೆ ಈಗ ಎಲ್ಲರಿಗೂ ಹೆಚ್ಚುಕಡಿಮೆ ಗೊತ್ತು. ಜಪಾನಿನ ಅಓಕಿ 1982ರಲ್ಲಿ, ಕಂಪ್ಯೂಟರ್ ಚಿತ್ರಗಳ ಕ್ಷೇತ್ರದ ಕ್ರೇಗ್ ರೆನಾಲ್ಡ್ಸ್ 1987ರಲ್ಲಿ, ಇಯಾನ್ ಕೂಝಿನ್ ಮತ್ತು ಸಂಗಡಿಗರು 2002ರಲ್ಲಿ, ಬೇರೆಬೇರೆ ದಾರಿಯಿಂದ ಬಂದು ಹೇಳಿದ್ದು ಸುಮಾರಾಗಿ ಒಂದೇ: ತೀರಾ ಹತ್ತಿರ ಬಂದವನಿಂದ ಸರಿ, ಸ್ವಲ್ಪ ಆಚೆ ಇರುವವನ ದಿಕ್ಕಿಗೆ ತಿರುಗು, ದೂರ ಹೋದವನ ಕಡೆಗೆ ಹೋಗು. ಈ ಮೂರು ನಿಯಮ ಕೊಟ್ಟರೆ ಪರದೆಯ ಮೇಲಿನ ಚುಕ್ಕೆಗಳು ಮೀನಿನ ಗುಂಪಿನಂತೆಯೇ ಹೊರಳಾಡುತ್ತವೆ. ಎಷ್ಟು ಚೆನ್ನಾಗಿ ಹೊರಳಾಡುತ್ತವೆಂದರೆ, ನಿಜವಾದ ಮೀನೂ ಹೀಗೇ ಮಾಡುತ್ತದೆ ಎಂದು ಬಹಳ ವರ್ಷ ಎಲ್ಲರೂ ನಂಬಿದ್ದರು.

2011ರಲ್ಲಿ ಎರಡು ತಂಡಗಳು ನಿಜವಾದ ಮೀನುಗಳ ಚಲನೆಯನ್ನು ವಿಡಿಯೊದಿಂದ ಅಳೆದು ನೋಡಿದವು. ಒಂದು ತಂಡ ಗೋಲ್ಡನ್ ಶೈನರ್ ಎಂಬ ಅಮೆರಿಕದ ಮೀನಿನ ಮೇಲೆ, ಇನ್ನೊಂದು ಗ್ಯಾಂಬೂಸಿಯಾ ಮೇಲೆ. ಗ್ಯಾಂಬೂಸಿಯಾ ನಮಗೆ ಪರಿಚಯದ ಮೀನು. ಸೊಳ್ಳೆಯ ಮರಿ ತಿನ್ನಲಿ ಎಂದು ಬಾವಿ, ತೊಟ್ಟಿ, ಕೆರೆಗಳಿಗೆ ಆರೋಗ್ಯ ಇಲಾಖೆಯವರು ಬಿಡುತ್ತಾರಲ್ಲ, ಅದೇ. ಎರಡೂ ಕಡೆ ಸಿಕ್ಕಿದ ಉತ್ತರ ಆ ಕಂಪ್ಯೂಟರ್ ಮಾದರಿಗಳಿಗಿಂತ ಒರಟಾಗಿತ್ತು. ಪಕ್ಕದವನ ದಿಕ್ಕನ್ನು ನೋಡಿ ತನ್ನ ದಿಕ್ಕನ್ನು ಹೊಂದಿಸುವ ಪ್ರತ್ಯೇಕ ನಿಯಮಕ್ಕೆ ಗಟ್ಟಿ ಸಾಕ್ಷಿ ಸಿಗಲಿಲ್ಲ. ಮೀನುಗಳು ಮುಖ್ಯವಾಗಿ ಮಾಡುತ್ತಿದ್ದುದು ವೇಗದ ಹೊಂದಾಣಿಕೆ. ಮುಂದಿರುವವನು ದೂರವಾದರೆ ವೇಗ ಹೆಚ್ಚಿಸು, ತೀರಾ ಹತ್ತಿರವಾದರೆ ತಗ್ಗಿಸು. ಹೀಗೆ ವೇಗ ಹೊಂದಿಸುತ್ತ ಹೋದರೆ ದಿಕ್ಕು ತಾನಾಗಿ ಹೊಂದಿಕೊಳ್ಳುತ್ತದೆ.

ಬೆರಕೆ ಗುಂಪಿನ ಕಷ್ಟ ಏನೆಂದು ನನಗೆ ತಿಳಿದದ್ದು ಇದನ್ನು ಓದಿದ ಮೇಲೆ. ಒಟ್ಟಿಗೆ ಇರುವುದಕ್ಕೆ ವೇಗವೇ ಹಿಡಿಕೆ ಎಂದಾದರೆ, ಬೇರೆ ಬೇರೆ ವೇಗದ ಮೀನುಗಳು ಒಂದೇ ಹಿಡಿಕೆಯನ್ನು ಹೇಗೆ ಹಿಡಿಯಬೇಕು? ಮೀನಿನ ವೇಗ ಅದರ ಮೈಯುದ್ದಕ್ಕೆ ಅಂಟಿಕೊಂಡ ಸಂಗತಿ. ಉದ್ದ ಹೆಚ್ಚಾದಷ್ಟೂ ಆರಾಮದ ವೇಗ ಹೆಚ್ಚು. ಅಟ್ಲಾಂಟಿಕ್ ಮ್ಯಾಕೆರೆಲ್‌ಗೆ ಹೊಟ್ಟೆಯಲ್ಲಿ ಗಾಳಿಚೀಲವೇ ಇಲ್ಲ, ಈಜುವುದು ನಿಲ್ಲಿಸಿದರೆ ಮುಳುಗುತ್ತದೆ. ಅಂಥದ್ದು ನಿಧಾನದ ಮೀನಿಗಾಗಿ ಎಷ್ಟು ಕಾದೀತು? ಟೋನಿ ಪಿಚರ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮ್ಯಾಕೆರೆಲ್ ಮತ್ತು ಹೆರ್ರಿಂಗ್ ಮೀನುಗಳು ತಮ್ಮ ಅಳತೆಗೆ ಹೊಂದುವ ನೆರೆಯವರನ್ನೇ ಆರಿಸಿಕೊಳ್ಳುತ್ತಿದ್ದುದು ಕಂಡಿತು. ಬೆರಕೆ ಗುಂಪುಗಳಲ್ಲೂ ಮೊದಲ ಜರಡಿ ಇದೇ ಎಂದು ನನಗನ್ನಿಸುತ್ತದೆ. ಜಾತಿ ಯಾವುದಾದರೂ ಇರಲಿ, ಅಳತೆ ಹತ್ತಿರವಿರಬೇಕು. ನನ್ನ ರಸ್ಬೋರಾ ಜೀಬ್ರಾಗಳ ಉದ್ದವೇ ಇದೆ. ಅದರ ಎರಡರಷ್ಟು ಉದ್ದದ ಬಾರ್ಬ್ ಮೀನುಗಳೂ ಅದೇ ನೀರಿನಲ್ಲಿವೆ, ಅವುಗಳ ಹಿಂದೆ ಅದು ಹೋದದ್ದಿಲ್ಲ.

ನೆರೆಯವನು ಎಷ್ಟು ವೇಗದಲ್ಲಿದ್ದಾನೆ ಎಂದು ಮೀನಿಗೆ ತಿಳಿಯುವುದು ಹೇಗೆ? ಕಣ್ಣಿಂದ ಎಂಬುದು ಸುಲಭದ ಉತ್ತರ. ಆದರೆ 1976ರಲ್ಲಿ ಪಿಚರ್, ಬ್ರಯಾನ್ ಪಾರ್ಟ್ರಿಜ್ ಮತ್ತು ವಾರ್ಡ್ಲ್ ಒಂದು ಪ್ರಯೋಗ ಮಾಡಿದರು. ಸೈದ್ ಎಂಬ ಉತ್ತರ ಸಮುದ್ರದ ಮೀನುಗಳ ಕಣ್ಣಿಗೆ ಬೆಳಕು ಹಾಯದ ಮುಚ್ಚಳ ಹಾಕಿ, ಕಣ್ಣು ಕಾಣುವ ಮೀನುಗಳ ಗುಂಪಿನೊಳಗೆ ಬಿಟ್ಟರು. ಕಣ್ಣು ಮುಚ್ಚಿದ ಮೀನು ಗುಂಪು ಬಿಡಲಿಲ್ಲ. ಜೊತೆಗೇ ಈಜಿತು, ಜೊತೆಗೇ ತಿರುಗಿತು. ಅದಕ್ಕೆ ಸಹಾಯಕ್ಕೆ ಬಂದದ್ದು ಪಾರ್ಶ್ವರೇಖೆ.

ದೊಡ್ಡ ಮೀನು ತಂದಾಗ ಅದರ ಪಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿ. ಕಿವಿರಿನ ಹಿಂದಿನಿಂದ ಬಾಲದ ಬುಡದವರೆಗೆ ಸೂಜಿಯಲ್ಲಿ ಚುಚ್ಚಿದಂಥ ರಂಧ್ರಗಳ ಸಾಲು ಕಾಣುತ್ತದೆ. ಆ ರಂಧ್ರಗಳಡಿ ಚರ್ಮದೊಳಗೆ ಉದ್ದಕ್ಕೂ ಒಂದು ಸಣ್ಣ ಕಾಲುವೆ, ಅದರಲ್ಲಿ ಜಿಗುಟಾದ ಟೊಪ್ಪಿಗೆ ಹೊತ್ತ ಕೂದಲಿನಂಥ ಜೀವಕೋಶಗಳು. ಹೊರಗೆ ನೀರು ಅಲುಗಿದರೆ ಟೊಪ್ಪಿಗೆ ಬಾಗುತ್ತದೆ, ನರಕ್ಕೆ ಸುದ್ದಿ ಹೋಗುತ್ತದೆ. ನಮ್ಮ ಒಳಗಿವಿಯಲ್ಲಿ ಇರುವುದೂ ಇದೇ ಬಗೆಯ ಕೋಶಗಳು. ಪಕ್ಕದಲ್ಲಿ ಲಾರಿ ದಾಟಿಹೋದಾಗ ಸ್ಕೂಟರ್ ಮೇಲಿದ್ದವರಿಗೆ ಗಾಳಿಯ ತಳ್ಳು ತಟ್ಟುತ್ತದಲ್ಲ, ಮೀನಿಗೆ ಪಕ್ಕದವನ ಪ್ರತಿ ಬಾಲದ ಬೀಸೂ ಹಾಗೆ ತಟ್ಟುತ್ತದೆ. ಆದರೆ ಇದರ ವ್ಯಾಪ್ತಿ ಕಡಿಮೆ, ಒಂದೆರಡು ಮೈಯುದ್ದದಷ್ಟು ದೂರ ಮಾತ್ರ. ಪಾರ್ಟ್ರಿಜ್ ಮತ್ತು ಪಿಚರ್ 1980ರಲ್ಲಿ ಇನ್ನೂ ಒಂದು ಸಂಗತಿ ಹೇಳಿದರು. ಪಾರ್ಶ್ವರೇಖೆಯ ನರ ಕತ್ತರಿಸಿದ ಮೀನು ನೆರೆಯವನಿಗೆ ಮಾಮೂಲಿಗಿಂತ ಹತ್ತಿರ ಈಜುತ್ತದೆ. ಕಣ್ಣು ಮುಚ್ಚಿದ ಮೀನು ಮಾಮೂಲಿಗಿಂತ ದೂರ. ಕಣ್ಣು ಎಳೆಯುತ್ತದೆ, ಪಕ್ಕೆ ತಳ್ಳುತ್ತದೆ, ಎರಡರ ನಡುವೆ ಅಂತರ ನಿಲ್ಲುತ್ತದೆ.

ಈಗ ಬೆರಕೆ ಗುಂಪಿಗೆ ಬನ್ನಿ. ಒಂದೊಂದು ಜಾತಿಯ ಬಾಲದ ಬೀಸು ಒಂದೊಂದು ಥರ, ಮೈಯ ಅಗಲ ಬೇರೆ, ಹೊಳಪು ಬೇರೆ. ಜೀಬ್ರಾ ಒಂದೆರಡು ಸಲ ಬಾಲ ಬಡಿದು ಹಾಗೇ ಜಾರಿಕೊಂಡು ಹೋಗುತ್ತದೆ. ನೀರಿನಲ್ಲಿ ಅದು ಬಿಡುವ ಗುರುತೇ ಬೇರೆ. ಅನ್ಯಜಾತಿಯ ನೆರೆಯವನಿಂದ ಬರುವ ಸುದ್ದಿ ಸ್ವಲ್ಪ ತೊದಲುವ ಸುದ್ದಿ. ಹಾಗಾದರೆ ಬೆರಕೆ ಗುಂಪಿನ ಸಾಲು ಸ್ವಲ್ಪ ಸಡಿಲವಾಗಿ ಇರಬೇಕು ಎಂದು ಯಾರಾದರೂ ಊಹಿಸಬಹುದು.

2018ರಲ್ಲಿ ಸಿಡ್ನಿಯ ಆಶ್ಲಿ ವಾರ್ಡ್ ಮತ್ತು ಸಹೋದ್ಯೋಗಿಗಳು ಆ ಊಹೆಯನ್ನು ಅಳತೆಗೆ ತಂದರು. ಮೂರು ಜಾತಿ: ಬೆನ್ನ ಮೇಲೆ ಮೂರು ಮುಳ್ಳಿನ ಸ್ಟಿಕಲ್‌ಬ್ಯಾಕ್, ಒಂಬತ್ತು ಮುಳ್ಳಿನ ಸ್ಟಿಕಲ್‌ಬ್ಯಾಕ್, ಮತ್ತು ರೋಚ್. ಮೊದಲೆರಡು ದಾಯಾದಿಗಳು, ರೋಚ್ ನಮ್ಮ ಗೆಂಡೆ ಮೀನಿನ ಬಳಗದ್ದು. ಯುರೋಪಿನ ಹೊಳೆಗಳಲ್ಲಿ ಇವು ಬೆರೆತು ಓಡಾಡುವುದನ್ನು ಮೊದಲೇ ಖಚಿತ ಮಾಡಿಕೊಂಡಿದ್ದರು. ಪ್ರಯೋಗಾಲಯದಲ್ಲಿ ಒಂದೇ ಜಾತಿಯ ಗುಂಪುಗಳನ್ನೂ ಬೆರಕೆ ಗುಂಪುಗಳನ್ನೂ ಬಿಟ್ಟು ಚಲನೆ ಅಳೆದರು. ಒಂದೇ ಜಾತಿಯ ಗುಂಪುಗಳು ಬೆರಕೆಗಿಂತ ಹೆಚ್ಚು ಒಂದೇ ದಿಕ್ಕಿಗೆ ಮುಖ ಮಾಡಿ ಈಜಿದವು. ಮೂರು ಮುಳ್ಳಿನದನ್ನೂ ರೋಚನ್ನೂ ಬೆರೆಸಿದಾಗ ಗುಂಪು ಸಡಿಲವಾಯಿತು. ಒಳಗೊಳಗೇ ರೋಚ್ ರೋಚಿನ ಕಡೆಗೆ, ಸ್ಟಿಕಲ್‌ಬ್ಯಾಕ್ ಸ್ಟಿಕಲ್‌ಬ್ಯಾಕಿನ ಕಡೆಗೆ ಸರಿದ ಸುಳಿವೂ ಸಿಕ್ಕಿತು. ಎರಡು ಸ್ಟಿಕಲ್‌ಬ್ಯಾಕ್‌ಗಳನ್ನು ಬೆರೆಸಿದಾಗ ಮಾತ್ರ ತನ್ನವರು ಬೇರೆಯವರು ಎಂಬ ಅಂತರದ ವ್ಯತ್ಯಾಸ ಕಾಣಲಿಲ್ಲ.

ನನಗೆ ಹಿಡಿಸಿದ್ದು ಇನ್ನೊಂದು ಅಳತೆ. ಗುಂಪಿನ ಒಂದೊಂದು ಜೋಡಿಯನ್ನೂ ತೆಗೆದುಕೊಂಡು, ಈ ಮೀನು ಈಗ ಮಾಡಿದ್ದು ಗೊತ್ತಿದ್ದರೆ ಆ ಮೀನು ಮುಂದಿನ ಗಳಿಗೆ ಏನು ಮಾಡುತ್ತದೆಂದು ಊಹಿಸುವುದು ಎಷ್ಟು ಸುಲಭವಾಗುತ್ತದೆ ಎಂದು ಲೆಕ್ಕ ಹಾಕಿದರು. ಯಾರ ಚಲನೆ ಯಾರಿಗೆ ಸುದ್ದಿಯಾಗುತ್ತಿದೆ ಎನ್ನುವುದರ ಲೆಕ್ಕ ಇದು. ಬೆರಕೆ ಗುಂಪಿನಲ್ಲಿ ಈ ಸುದ್ದಿಯ ಬಳಕೆ ಎಲ್ಲರಿಗೂ ಒಂದೇ ಆಗಿರಲಿಲ್ಲ. ಜಾತಿಯಿಂದ ಜಾತಿಗೆ ಬದಲಾಗುತ್ತಿತ್ತು, ತನ್ನವರಿಗೆ ತೋರುವ ಪ್ರತಿಕ್ರಿಯೆ ಬೇರೆಯವರಿಗೆ ತೋರುವಂಥದ್ದೇ ಆಗಿರಲಿಲ್ಲ. ಹೊರಗಿನಿಂದ ಒಂದೇ ಗುಂಪು, ಒಳಗೆ ಸುದ್ದಿ ಹರಿಯುವ ಕಾಲುವೆಗಳು ಬೇರೆಬೇರೆ ಅಗಲದವು. ಗುಂಪು ಮುಂದೆ ಎಲ್ಲಿ ಸೀಳುತ್ತದೆ, ಎಲ್ಲಿ ಕೂಡುತ್ತದೆ ಎನ್ನುವುದನ್ನು ಇದೇ ನಿರ್ಧರಿಸಬಹುದು ಎಂದು ಅವರ ಊಹೆ.

ಹಾಗಾದರೆ ಯಾಕೆ ಬೆರೆಯಬೇಕು? ತನ್ನವರು ಸಾಕಷ್ಟು ಇಲ್ಲದಿರುವುದು ಒಂದು ಕಾರಣ, ಅದನ್ನು ಬಿಡಿಸಿ ಹೇಳಬೇಕಿಲ್ಲ. ತಲೆ ಹೆಚ್ಚಾದಷ್ಟೂ ತಾನೇ ಬಲಿಯಾಗುವ ಸಾಧ್ಯತೆ ಕಡಿಮೆ. ಕಣ್ಣುಗಳೂ ಹೆಚ್ಚು, ಅಪಾಯ ಬೇಗ ತಿಳಿಯುತ್ತದೆ. ಸೋವಿಯತ್ ವಿಜ್ಞಾನಿ ರಡಾಕೋವ್ ಬಹಳ ಹಿಂದೆಯೇ ಗಮನಿಸಿದಂತೆ, ಬೆಚ್ಚಿದ ಸುದ್ದಿ ಗುಂಪಿನೊಳಗೆ ಮೀನು ಈಜುವುದಕ್ಕಿಂತ ವೇಗವಾಗಿ ಅಲೆಯಾಗಿ ಹಾಯುತ್ತದೆ. ಶತ್ರು ತಲುಪುವ ಮೊದಲೇ ಸುದ್ದಿ ತಲುಪಿರುತ್ತದೆ, ಸುದ್ದಿ ಕೊಟ್ಟವನು ಯಾವ ಜಾತಿಯವನಾದರೇನು.

ಕೆಲವು ಸುದ್ದಿಗಳಿಗಂತೂ ನಿಜಕ್ಕೂ ಜಾತಿಯಿಲ್ಲ. 1938ರಲ್ಲಿ ಕಾರ್ಲ್ ಫಾನ್ ಫ್ರಿಶ್ (ಜೇನ್ನೊಣದ ಕುಣಿತದ ಅರ್ಥ ಹೇಳಿ ಮುಂದೆ ನೊಬೆಲ್ ಪಡೆದವರು ಇವರೇ) ಗಾಯಗೊಂಡ ಮಿನ್ನೋ ಎಂಬ ಸಣ್ಣ ಮೀನನ್ನು ಅದರ ಗುಂಪಿಗೆ ಬಿಟ್ಟಾಗ ಉಳಿದವು ಬೆದರಿ ಚದುರಿದ್ದನ್ನು ವಿವರಿಸಿದರು. ಚರ್ಮ ಹರಿದಾಗ ಅದರಿಂದ ನೀರಿಗೆ ಒಂದು ರಾಸಾಯನಿಕ ಬಿಡುಗಡೆಯಾಗುತ್ತದೆ, ಮೂಸಿದವು ಓಡುತ್ತವೆ. ಗೆಂಡೆ, ಬಾರ್ಬ್, ಜೀಬ್ರಾ, ಮುರುಗೋಡು ಇವೆಲ್ಲ ಸೇರಿದ ದೊಡ್ಡ ಕುಲದಲ್ಲಿ ಇದು ಸಾಮಾನ್ಯ, ಮತ್ತು ಹತ್ತಿರದ ನೆಂಟರಲ್ಲಿ ಒಂದು ಜಾತಿಯ ವಾಸನೆಗೆ ಇನ್ನೊಂದು ಜಾತಿಯೂ ಬೆಚ್ಚುತ್ತದೆ. ವಾಸನೆಯ ಮಾತು ಬಂತಲ್ಲ, ಪರಿಚಯವೂ ಇಲ್ಲಿ ಕೆಲಸ ಮಾಡುತ್ತದೆ. ಚಬ್ ಎಂಬ ಮೀನು ತಾನು ಜೊತೆಯಲ್ಲಿದ್ದು ಬಲ್ಲ ಮಿನ್ನೋಗಳನ್ನು ಗುರುತಿಲ್ಲದ ಮಿನ್ನೋಗಳಿಗಿಂತ ಹೆಚ್ಚು ಇಷ್ಟಪಡುತ್ತದೆ ಎಂದು ವಾರ್ಡ್ ಅವರ ತಂಡ 2003ರಲ್ಲೇ ತೋರಿಸಿತ್ತು. ಬೇರೆ ಜಾತಿಯವನಾದರೂ ಕಂಡು ಗೊತ್ತಿರುವವನು ವಾಸಿ.

ಇಲ್ಲಿಯವರೆಗೂ ಎಲ್ಲ ಚೆಂದ. ಭಯ ಬರಲಿ, ಆಗ ನೋಡಬೇಕು.

ಅಲನ್ ಮತ್ತು ಪಿಚರ್ 1986ರಲ್ಲಿ ಮಿನ್ನೋ, ಡೇಸ್, ಗಜನ್ ಎಂಬ ಮೂರು ಜಾತಿ ಬೆರೆತ ಗುಂಪಿನ ಮುಂದೆ ಪೈಕ್ ಮೀನಿನ ಬೊಂಬೆಯನ್ನು ಸರಿಸಿ ತಂದರು. ಪೈಕ್ ಆ ಹೊಳೆಗಳ ದೊಡ್ಡ ಬೇಟೆಗಾರ. ಅಲ್ಲಿಯವರೆಗೂ ಬೆರೆತು ಮೇಯುತ್ತಿದ್ದ ಮೀನುಗಳು ಬೊಂಬೆ ಹತ್ತಿರವಾಗುತ್ತಿದ್ದಂತೆ ವಿಂಗಡವಾದವು. ಮಿನ್ನೋ ಮಿನ್ನೋ ಜೊತೆ, ಡೇಸ್ ಡೇಸ್ ಜೊತೆ. ಅದಕ್ಕೆ ಒಂದು ವರ್ಷ ಮೊದಲು ನ್ಯಾನ್ಸಿ ವುಲ್ಫ್ ಕೆರಿಬಿಯನ್ ಹವಳ ದಿಬ್ಬಗಳಲ್ಲಿ ಕಂಡದ್ದೂ ಇಂಥದ್ದೇ: ಗಿಳಿಮೀನು ಮತ್ತು ಸರ್ಜನ್ ಮೀನುಗಳ ಬೆರಕೆ ಗುಂಪಿನಲ್ಲಿ, ಅಪಾಯ ಬಂದಾಗ ಸಂಖ್ಯೆಯಲ್ಲಿ ಕಡಿಮೆಯಿದ್ದ ಜಾತಿಯವು ಗುಂಪು ಬಿಟ್ಟು ಜಾರಿಕೊಳ್ಳುತ್ತಿದ್ದವು. ಗುಂಪು ಕಾಪಾಡುತ್ತದೆಂದು ಸೇರಿಕೊಂಡವರು, ಕಾಪಾಡಬೇಕಾದ ಹೊತ್ತಿಗೆ ಸರಿಯಾಗಿ ಗುಂಪು ಬಿಡುತ್ತಾರೆ!

ಯಾಕೆಂದರೆ ಗುಂಪಿನ ರಕ್ಷಣೆ ನಿಂತಿರುವುದು ಗೊಂದಲದ ಮೇಲೆ. ಒಂದೇ ಥರದ ಇಪ್ಪತ್ತು ಮೈಗಳು ಮಿಂಚಿ ಮಿಂಚಿ ಮಾಯವಾದಾಗ ಬೇಟೆಗಾರನ ಕಣ್ಣು ಯಾವುದಾದರೂ ಒಂದರ ಮೇಲೆ ನೆಡಲಾರದು. ಆ ಇಪ್ಪತ್ತರಲ್ಲಿ ಒಂದು ಬೇರೆ ಬಣ್ಣದ್ದಾದರೆ ಕಣ್ಣಿಗೆ ಹಿಡಿ ಸಿಕ್ಕಿತು. ಲ್ಯಾಂಡೊ ಮತ್ತು ಟರ್‌ಬೋರ್ಗ್ 1986ರಲ್ಲಿ ಬೆಳ್ಳಿ ಬಣ್ಣದ ಮಿನ್ನೋಗಳಲ್ಲಿ ಕೆಲವಕ್ಕೆ ನೀಲಿ ಬಣ್ಣ ಬಳಿದು, ಬಾಸ್ ಎಂಬ ಬೇಟೆಗಾರ ಮೀನಿನ ಎದುರು ಬಿಟ್ಟರು. ಎಂಟರ ಗುಂಪಿನಲ್ಲಿ ಒಂದೋ ಎರಡೋ ನೀಲಿ ಇದ್ದರೆ ಸಾಕು, ಬೇಟೆ ಎಷ್ಟೋ ಸುಲಭವಾಯಿತು. ಅಷ್ಟೇ ಅಲ್ಲ, ನೀಲಿ ಮೀನು ಮಾತ್ರವಲ್ಲ, ಅದರ ಜೊತೆಗಿದ್ದ ಬೆಳ್ಳಿ ಮೀನುಗಳೂ ಹೆಚ್ಚು ಸಿಕ್ಕಿಬಿದ್ದವು. ಬೇರೆಯಾಗಿ ಕಾಣುವವನು ತನಗೂ ಅಪಾಯ, ಸೇರಿಸಿಕೊಂಡವರಿಗೂ ಅಪಾಯ. ಅಂದಹಾಗೆ, ಗುಂಪು ಹದಿನೈದರದ್ದಾದಾಗ ಒಂದು ಬೇರೆ ಮೀನಿನ ಪರಿಣಾಮ ಕಾಣಲಿಲ್ಲ. ಗುಂಪು ದೊಡ್ಡದಾದರೆ ಒಬ್ಬ ಹೊರಗಿನವನನ್ನು ಅಡಗಿಸಿಕೊಳ್ಳಬಲ್ಲದು ಎಂದಾಯಿತು.

ಬೆಚ್ಚಿಬಿದ್ದ ಮೀನಿನ ಮೈಯೊಳಗೂ ಒಂದು ಕಾರಣ ಇರಬಹುದು. ಮೀನಿನ ಹಿಮ್ಮೆದುಳಿನಲ್ಲಿ ಎಡಕ್ಕೊಂದು ಬಲಕ್ಕೊಂದು ದೊಡ್ಡ ನರಕೋಶಗಳಿವೆ, ಮೌತ್ನರ್ ಕೋಶಗಳು. ಅವುಗಳಲ್ಲೊಂದು ಸಂಕೇತ ಹೊಮ್ಮಿಸಿದರೆ ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ ಮೈ ಇಂಗ್ಲಿಷಿನ ಸಿ ಅಕ್ಷರದಂತೆ ಬಾಗಿ, ಮರುಗಳಿಗೆ ನೆಗೆತ. ಆ ವೇಗದಲ್ಲಿ ಪಕ್ಕದವನ ತೊದಲು ಸುದ್ದಿಯನ್ನು ಕೇಳಿಸಿಕೊಂಡು ಅರ್ಥ ಮಾಡಿಕೊಳ್ಳಲು ಪುರುಸೊತ್ತಿಲ್ಲ. ಸಾವಧಾನದ ಈಜಿನಲ್ಲಿ ಒಳಸುತ್ತು ಹಾಕಿ ಸರಿದೂಗಿಸಬಹುದಾದ ವ್ಯತ್ಯಾಸ, ನೆಗೆತದಲ್ಲಿ ಬಯಲಾಗುತ್ತದೆ. ತೊಟ್ಟಿಯ ಗಾಜಿಗೆ ಯಾರಾದರೂ ಮಕ್ಕಳು ಬೆರಳಿಂದ ಬಡಿದಾಗ ಜೀಬ್ರಾಗಳೆಲ್ಲ ಒಂದೇ ಕಡೆಗೆ ಚಿಮ್ಮುತ್ತವೆ. ರಸ್ಬೋರಾ ಸೀದಾ ಕೆಳಗೆ, ಗಿಡದ ಬುಡಕ್ಕೆ. ಬಡಿಯಬೇಡಿ ಎಂದು ಎಷ್ಟು ಹೇಳಿದರೂ ಮಕ್ಕಳು ಕೇಳುವುದಿಲ್ಲ, ಅದು ಬೇರೆ ಕಥೆ.

ಹವಳ ದಿಬ್ಬಗಳಲ್ಲಿ ಇನ್ನೊಂದು ಬಗೆಯ ಹೊಂದಾಣಿಕೆಯಿದೆ. ಅಲ್ಲಿ ಒಬ್ಬರಂತೆ ಇನ್ನೊಬ್ಬರು ಈಜಬೇಕಾಗಿಲ್ಲ. ಕೆಂಪು ಸಮುದ್ರದಲ್ಲಿ ಗ್ರೂಪರ್ ಮೀನು ಮೊರೇ ಹಾವುಮೀನಿನ ಬಿಲದ ಮುಂದೆ ಹೋಗಿ ತಲೆ ಅಲ್ಲಾಡಿಸಿ ಬೇಟೆಗೆ ಕರೆಯುವುದನ್ನು ರೆಡೂವಾನ್ ಬ್ಶಾರಿ ಮತ್ತು ಸಂಗಡಿಗರು 2006ರಲ್ಲಿ ವಿವರಿಸಿದರು. ಹಾವುಮೀನು ಸಂದುಗಳಲ್ಲಿ ನುಗ್ಗುತ್ತದೆ, ಗ್ರೂಪರ್ ಹೊರಗೆ ಕಾಯುತ್ತದೆ. 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಆಕ್ಟೋಪಸ್ ಮತ್ತು ಹಲವು ಜಾತಿಯ ಮೀನುಗಳ ಬೇಟೆ ತಂಡಗಳಿವೆ. ಎತ್ತ ಹೋಗಬೇಕೆಂದು ಮುಂದೆ ಹೋಗಿ ಹುಡುಕುವುದು ಗೋಟ್‌ಫಿಶ್, ಹೋಗುವುದೋ ಬೇಡವೋ ಎನ್ನುವುದು ಆಕ್ಟೋಪಸ್ ಕೈಯಲ್ಲಿ. ಸುಮ್ಮನೆ ಹಿಂದೆ ಬಿದ್ದ ಮೀನಿಗೆ ಆಕ್ಟೋಪಸ್ ಗುದ್ದುವುದೂ ಉಂಟು. ಇಂಥ ಬೇಟೆಯ ವಿಡಿಯೊಗಳಿಗೆ ಅಭಿಮಾನಿಗಳು ಹೆಚ್ಚು, ಸಹಜವೇ. ಆದರೆ ನನಗೆ ಇದಕ್ಕಿಂತ ಸೋಜಿಗ ಎನಿಸುವುದು ಕೆಲಸ ಹಂಚಿಕೊಳ್ಳದೆ, ಸನ್ನೆ ಮಾಡದೆ, ಸುಮ್ಮನೆ ಪಕ್ಕದಲ್ಲಿ ಈಜುತ್ತ ಒಬ್ಬರಿಗೊಬ್ಬರು ಹೊಂದಿಕೊಳ್ಳುವುದು. ಅಲ್ಲಿ ಒಪ್ಪಂದವಿಲ್ಲ. ವ್ಯತ್ಯಾಸ ಇದ್ದೇ ಇರುತ್ತದೆ, ಪ್ರತಿ ತಿರುವಿನಲ್ಲೂ ಯಾರಾದರೊಬ್ಬರು ಅದನ್ನು ತುಂಬಿಕೊಡಬೇಕು. ತುಂಬಿಕೊಡುವುದು ಸಾಮಾನ್ಯವಾಗಿ ಕಡಿಮೆ ಸಂಖ್ಯೆಯವನು.

ಈ ಮಾತನ್ನು ಇಡೀ ಕಡಲಿನ ಮಟ್ಟಕ್ಕೆ ಎಳೆದವರು ಆ್ಯಂಡ್ರೂ ಬಾಕುನ್ ಮತ್ತು ಫಿಲಿಪ್ ಕ್ಯೂರಿ, 1999ರಲ್ಲಿ. ಗುಂಪೇ ಬೋನಾಗುತ್ತದೆ ಎನ್ನುವುದು ಅವರ ಸಿದ್ಧಾಂತ. ಸಾರ್ಡೀನ್ ಮತ್ತು ಆಂಚೊವಿ ಎರಡೂ ಗುಂಪು ಬಿಟ್ಟು ಬದುಕಲಾರದ ಮೀನುಗಳು. ಒಂದು ಜಾತಿಯ ಸಂಖ್ಯೆ ಕುಸಿದಾಗ ಉಳಿದವು ಹೆಚ್ಚಿರುವ ಜಾತಿಯ ಗುಂಪಿಗೆ ಸೇರಬೇಕಾಗುತ್ತದೆ. ಸೇರಿದ ಮೇಲೆ ಗುಂಪು ಹೋದಲ್ಲಿ ಹೋಗಬೇಕು. ಸಾರ್ಡೀನ್ ಕಿವಿರಿನ ಜರಡಿ ಸಣ್ಣ ಕಣ್ಣಿನದು, ನವಿರಾದ ಪ್ಲವಕಗಳನ್ನು (ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು) ಸೋಸಿ ತಿನ್ನುತ್ತದೆ. ಆಂಚೊವಿ ದೊಡ್ಡ ಪ್ಲವಕಗಳನ್ನು ಒಂದೊಂದಾಗಿ ಕಚ್ಚಿ ತಿನ್ನುವುದರಲ್ಲಿ ನಿಸ್ಸೀಮ. ಆಂಚೊವಿಗೆ ಹಿಡಿಸುವ ನೀರಿನಲ್ಲಿ ಸಾರ್ಡೀನ್ ಅರೆಹೊಟ್ಟೆ. ಮೊಟ್ಟೆಯಿಡಲು ಸರಿಯಾದ ಜಾಗವೂ ಸಿಗದಿರಬಹುದು. ಹೀಗಾಗಿ ಕುಸಿದ ಜಾತಿ ಬೇಗ ಮೇಲೇಳುವುದಿಲ್ಲ, ಒಂದು ತಗ್ಗಿದಾಗ ಇನ್ನೊಂದು ಹೆಚ್ಚುವ ಏರಿಳಿತ ದಶಕಗಟ್ಟಲೆ ನಡೆಯುತ್ತದೆ ಎನ್ನುವುದು ಅವರ ವಾದ. ಪೆರುವಿನಲ್ಲಿ 1970ರಲ್ಲಿ 1.2 ಕೋಟಿ ಟನ್ನಿಗೂ ಹೆಚ್ಚು ಆಂಚೊವಿ ಹಿಡಿದರು. ಎರಡು ಮೂರು ವರ್ಷದಲ್ಲಿ ಅದು ನೆಲಕಚ್ಚಿತು, ಆಮೇಲೆ ಸಾರ್ಡೀನ್ ಹೆಚ್ಚಿತು, ಮತ್ತೆ 1990ರ ದಶಕದಲ್ಲಿ ಆಂಚೊವಿ ಮರಳಿತು. ಇದಕ್ಕೆಲ್ಲ ಕಡಲಿನ ಬಿಸಿ, ಎಲ್ ನಿನೊ, ಅತಿಯಾದ ಮೀನುಗಾರಿಕೆ ಎಂಬ ದೊಡ್ಡ ಕಾರಣಗಳಿವೆ, ಗುಂಪಿನ ಬೋನು ಅವುಗಳ ಜೊತೆಗೆ ಸೇರಬಹುದಾದ ಒಂದು ಕಾರಣ ಮಾತ್ರ. ಸಾಬೀತಾದ ಸಂಗತಿಯಲ್ಲ. ಆದರೂ ಓದಿದ ದಿನದಿಂದ ಅದು ನನ್ನನ್ನು ಬಿಟ್ಟಿಲ್ಲ.

ನಮ್ಮ ಕರಾವಳಿಯಲ್ಲಿ ಈ ಜಾಗದಲ್ಲಿರುವುದು ಸಾರ್ಡೀನ್ ಬಳಗದ ಬೂತಾಯಿ ಮತ್ತು ಮ್ಯಾಕೆರೆಲ್ ಬಳಗದ ಬಂಗುಡೆ. ಒಮ್ಮೆ ಮಲ್ಪೆಯ ಧಕ್ಕೆಯಲ್ಲಿ, ಪರ್ಸೀನ್ ಬೋಟಿನಿಂದ (ಮೀನಿನ ಗುಂಪನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಬೋಟು) ಇಳಿಸಿದ ಮೀನನ್ನು ಹೆಂಗಸರು ಕೂತು ವಿಂಗಡಿಸುವಲ್ಲಿ ನಿಂತಿದ್ದೆ. ಒಂದೇ ಬಲೆಯ ಮೀನು. ಬೂತಾಯಿ ರಾಶಿಯ ನಡುವೆ ಬಂಗುಡೆ, ಅದೂ ಹೆಚ್ಚಿನವು ಬೂತಾಯಿಯಷ್ಟೇ ಉದ್ದದ ಎಳೆಯವು. ಬಂಗುಡೆಯ ಬೆನ್ನಿನ ಹಸಿರು, ಅದರ ಮೇಲಿನ ಕಪ್ಪು ಚುಕ್ಕೆ ಇಲ್ಲದಿದ್ದರೆ ನನಗಂತೂ ಬೇರೆ ಮಾಡಲಾಗುತ್ತಿರಲಿಲ್ಲ. ಅವರ ಕೈಗಳು ನೋಡದೆಯೇ ಬೇರೆ ಮಾಡುತ್ತಿದ್ದವು. ಪಕ್ಕದಲ್ಲಿದ್ದ ವಯಸ್ಸಾದ ತಾಂಡೇಲರೊಬ್ಬರನ್ನು (ಬೋಟು ನಡೆಸುವವರು) ಕೇಳಿದೆ, ಕಡಲಲ್ಲಿರುವಾಗಲೇ ಯಾವ ಮೀನೆಂದು ಗೊತ್ತಾಗುತ್ತದಾ ಎಂದು.

“ಗೊತ್ತಾಗದೆ ಮತ್ತೆ? ನೀರಿನ ಬಣ್ಣ ನೋಡಿದ್ರೆ ಗೊತ್ತಾಗ್ತದೆ. ಮೇಲೆ ಅಲೆ ಏಳುವ ಕ್ರಮ ಬೇರೆ ಬೇರೆ ಉಂಟು. ರಾತ್ರಿಯಾದ್ರೆ ನೀರು ಹೊಳೆಯುವುದು ನೋಡಿ ಹೇಳ್ಬಹುದು.”

“ಎರಡೂ ಒಟ್ಟಿಗೆ ಇದ್ದರೆ?”

“ಒಟ್ಟಿಗೆ ಇದ್ರೆ ಯಾವುದು ಜಾಸ್ತಿ ಉಂಟೋ ಅದೇ ಕಾಣುವುದು ಮಾರಾಯ್ರೆ. ಉಳಿದದ್ದು ಬಲೆ ಎಳೆದ ಮೇಲೆ.”

ವಿಜ್ಞಾನಿಗಳ ಉಪಕರಣಕ್ಕೂ ಕಷ್ಟ ಅಲ್ಲೇ ಇರುವುದು. ಹಡಗಿನಿಂದ ಶಬ್ದದ ಅಲೆ ಬಿಟ್ಟು, ಮರಳಿದ ಪ್ರತಿಧ್ವನಿಯಿಂದ ಕೆಳಗೆಷ್ಟು ಮೀನಿದೆ ಎಂದು ಅಂದಾಜು ಮಾಡುವ ಸಮೀಕ್ಷೆಗಳಲ್ಲಿ, ಒಂದು ಗುಂಪಿನೊಳಗೆ ಬೆರೆತ ಜಾತಿಗಳನ್ನು ಪ್ರತಿಧ್ವನಿಯಿಂದಲೇ ಬಿಡಿಸುವುದು ಸುಲಭವಲ್ಲ. ಹಾಗಾಗಿ ಅಲ್ಲೇ ಬಲೆ ಎಳೆದು, ಬಂದ ಮೀನಿನಲ್ಲಿ ಯಾವ ಜಾತಿ ಎಷ್ಟು ಪಾಲು ಎಂದು ಎಣಿಸಿ, ಪ್ರತಿಧ್ವನಿಯನ್ನೂ ಅದೇ ಪಾಲಿನಲ್ಲಿ ಹಂಚಿಬಿಡುತ್ತಾರೆ. ಎಷ್ಟು ಬೂತಾಯಿ, ಎಷ್ಟು ಬಂಗುಡೆ ಎಂಬ ಲೆಕ್ಕಕ್ಕೆ ಇದು ಸಾಕು. ಯಾವುದು ಮುಂದಿತ್ತು, ಯಾವುದರ ತಿರುವಿಗೆ ಯಾವುದು ತಿರುಗಿತು ಎನ್ನುವುದು ಬಲೆಯ ಬಾಯಿ ಬಿಗಿಯುವಾಗಲೇ ಕಲಸಿಹೋಗಿರುತ್ತದೆ. ಅದನ್ನು ಮೀನು ಮೀನಿನ ಮಟ್ಟದಲ್ಲಿ ಅಳೆಯಲು ಆಗಿರುವುದು ಇಲ್ಲಿಯವರೆಗೆ ಬಹುಪಾಲು ಆಳವಿಲ್ಲದ ತೊಟ್ಟಿಗಳಲ್ಲಿ, ಮೇಲೆ ಕ್ಯಾಮೆರಾ ತೂಗುಹಾಕಿ, ಬೆರಳುದ್ದದ ಮೀನುಗಳ ಮೇಲೆ.